‘ಇಲ್ಲ’ ಬೇರೆ, ‘ನೋಡಿಲ್ಲ’ ಬೇರೆ

"ಈ ನಾಕು ದಿನ ಲಾರಿ ಬರಲಿಲ್ಲೇನು, ನೀ ನೋಡಲಿಲ್ಲೇನು?"

ನನ್ನ ಪಟ್ಟಿಯ ನಾಲ್ಕು ಖಾಲಿ ಚೌಕಗಳ ಮೇಲೆ ಬೆರಳಿಟ್ಟು ಗಿರಿಜಕ್ಕ ಕೇಳಿದಳು. ನನಗೆ ಥಟ್ಟನೆ ನೆನಪಾಗಲಿಲ್ಲ.

ಕಳೆದ ತಿಂಗಳು ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗೆ ದಾರಿ ಬಿಡಲು ಹೋಗಿ ತಂಗಿ ಶೋಭಾ ಮೋಪೆಡ್ ಸಮೇತ ಬಿದ್ದಳು. ಮೊಣಕೈ ತರಚಿತು, ಅಷ್ಟೇ. (ಅಷ್ಟೇ ಎನ್ನುವವನು ನಾನು. ಅವಳು ಅಂದಿನಿಂದ ಕಾಲೇಜಿಗೆ ಹೋಗಿಲ್ಲ.) ಕಾಲೇಜಿನ ಹೊತ್ತಿನಲ್ಲಿ ಲಾರಿ ಬಿಡಬೇಡಿ ಎಂದು ಓಣಿಯವರು ತಾಲೂಕು ಕಚೇರಿಗೆ ಅರ್ಜಿ ಬರೆದರು. ಡೈರಿ, ಲೆಕ್ಕ ನನ್ನ ಚಟ. ಅರ್ಜಿಯ ಜೊತೆ ಲಗತ್ತಿಸಲು ದಿನಾ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಕಟ್ಟೆ ಮೇಲೆ ಕೂತು ಲಾರಿ ಎಣಿಸಿದೆ.

"ಹಿಂದಿನ ದಿನದ್ದ ಬರದು ತುಂಬಿಬಿಡು ಲೇ. ಯಾರ್ ನೋಡ್ತಾರ?" ಎಂದರು ಓಣಿಯ ಹಿರಿಯ ಬಸಣ್ಣ.

"ಬ್ಯಾಡ್ರಿ ಬಸಣ್ಣ" ಎಂದಳು ಅಕ್ಕ.

ಗಿರಿಜಕ್ಕ ದೊಡ್ಡಮ್ಮನ ಮಗಳು. ಪುಣೆಯಲ್ಲಿ ಖಗೋಳ ಸಂಶೋಧನೆ ಮಾಡುತ್ತಾಳೆ, ಈಗ ರಜೆಗೆ ಬಂದಿದ್ದಾಳೆ. ಲಕ್ಷಾಂತರ ಗ್ಯಾಲಕ್ಸಿಗಳ ದೂರ ಅಳೆದು ಮಾಡಿದ ನಕ್ಷೆಗಳೇ ಅವಳ ಕೆಲಸ.

"ಕೆಲವು ಕಡೆ ಹತ್ತಿರದ ನಕ್ಷತ್ರ ಅಡ್ಡ ಕುಂತಿರ್ತದ, ಹಿಂದಿಂದು ಕಾಣಂಗಿಲ್ಲ. ಅಲ್ಲಿ ‘ಇಲ್ಲ’ ಅಂತ ಬರಿಯಂಗಿಲ್ರಿ. ‘ನೋಡಿಲ್ಲ’ ಅಂತ ಬರೀತೀವಿ."

"‘ಇಲ್ಲ’ ಅಂತ ಬರದ್ರ ಏನವ್ವ? ಗ್ಯಾಲಕ್ಸಿ ಬಂದು ಜಗಳ ತಗೀತಾವೇನು?"

ಅಕ್ಕ ನಕ್ಕಳು. ಬಿಡಿಸಿ ಹೇಳಿದಳು. ಗ್ಯಾಲಕ್ಸಿಗಳು ಸಮನಾಗಿ ಹರಡಿಲ್ಲ. ಒಂದೆಡೆ ಗುಂಪು, ಇನ್ನೊಂದೆಡೆ ಬಯಲು. ಜಗತ್ತು ಕೂಸಾಗಿದ್ದಾಗ ಅದರೊಳಗಿದ್ದ ಕೂದಲೆಳೆಯಷ್ಟು ಹೆಚ್ಚುಕಡಿಮೆಯೇ ಬೆಳೆದು ಹೀಗಾಗಿದೆ. ಆದ್ದರಿಂದ ಇಂದಿನ ನಕ್ಷೆ ನೋಡಿ ಅಂದಿನ ಕೂಸಿನ ಮುಖ ತಿಳಿಯಬಹುದು. ನೋಡದ ಜಾಗವನ್ನೂ ಬಯಲೆಂದು ಬರೆದರೆ? ಬೇರೆ ಯಾರದೋ ಮುಖ ಬರುತ್ತದೆ!

ಎಂಥ ಜನ ಇವರು! ಜಗತ್ತಿನ ಹುಟ್ಟು ಹುಡುಕಹೊರಟವರು ತಮಗೆ ಕಾಣದ್ದನ್ನೂ ಅಷ್ಟೇ ಶ್ರದ್ಧೆಯಿಂದ ಗುರುತು ಹಾಕಿಡುತ್ತಾರೆ.

ಡೈರಿ ತೆಗೆದೆ. ಮೂರು ದಿನ ನನಗೆ ಜ್ವರ. ಒಂದು ದಿನ ಲಾರಿ ಮುಷ್ಕರ; ಕಟ್ಟೆ ಮೇಲೆ ಕೂತೇ ಇದ್ದೆ, ಒಂದೂ ಬರಲಿಲ್ಲ. ಮೂರು ಚೌಕದಲ್ಲಿ ‘ನೋಡಿಲ್ಲ, ಜ್ವರ’ ಎಂದು ಬರೆದೆ. ಒಂದರಲ್ಲಿ ಸೊನ್ನೆ.

ಸೋಮವಾರ ಅರ್ಜಿ, ಪಟ್ಟಿ ಎರಡನ್ನೂ ಒಯ್ದು ಕೊಟ್ಟೆ. ಕಚೇರಿಯ ಸಾಹೇಬರು ಪಟ್ಟಿ ಓದಿ ನಕ್ಕರು. "ಜ್ವರಾನೂ ಬರದೀಯಲ್ಲಪ್ಪ!" ಆಮೇಲೆ ಅದೇ ರಸ್ತೆಯ ಲಾರಿಗಳನ್ನು ಬರೆದಿಡುವ ಚೆಕ್‌ಪೋಸ್ಟ್ ರಿಜಿಸ್ಟರ್ ತರಿಸಿ ಪಕ್ಕದಲ್ಲಿಟ್ಟರು. ಅದರಲ್ಲಿ ಒಂದು ಚೌಕವೂ ಖಾಲಿಯಿಲ್ಲ. ಅದರ ಪ್ರಕಾರ ಮುಷ್ಕರದ ದಿನವೂ ಲಾರಿಗಳು ಓಡಿವೆ!

ಸಾಹೇಬರ ನಗು ನಿಂತಿತು. "ನಾಳೆ ಎಂಟಕ್ಕ ನಾನ ಬಂದು ನಿಂದರ್ತೀನಿ" ಎಂದರು.

ಶೋಭಾ ಮೋಪೆಡ್ ಒರೆಸಿಟ್ಟಿದ್ದಾಳೆ. ನನ್ನದೊಂದೇ ಪ್ರಶ್ನೆ: ಇಷ್ಟು ದಿನದಲ್ಲಿ ಆ ರಿಜಿಸ್ಟರಿಗೆ ಒಮ್ಮೆಯೂ ಜ್ವರ ಬರಲಿಲ್ಲವೇ?