ಅತ್ತೆಯ ಸ್ವರಕ್ಕೆ ಊರೆಲ್ಲ ವಾರಸುದಾರರು

ಮೊನ್ನೆ ಮೂಡುಬಿದಿರೆಯ ಮದುವೆ ಹಾಲ್ ಒಂದರಲ್ಲಿ, ಊಟದ ಪಂಕ್ತಿ ಅರ್ಧಕ್ಕೆ ಬಂದಿರುವಾಗ, ನನ್ನ ಅತ್ತೆ ಎಲೆ ಬಿಟ್ಟು ಎದ್ದೇಬಿಟ್ಟರು!

ನಮ್ಮ ಕಡೆ ಇದು ಸಣ್ಣ ಸಂಗತಿಯಲ್ಲ. ಎಲ್ಲರ ಊಟ ಮುಗಿಯುವ ಮೊದಲು ಪಂಕ್ತಿಯಿಂದ ಯಾರೂ ಏಳುವಂತಿಲ್ಲ. ಎದ್ದರೆ ಒಂದೋ ಜಗಳವಾಗಿದೆ, ಇಲ್ಲವೇ ಹೊಟ್ಟೆ ಕೆಟ್ಟಿದೆ. ವೇಣೂರಿನ ಲೀಲಕ್ಕ, ಅಂದರೆ ನನ್ನ ಹೆಂಡತಿ ಮಮತಾಳ ಅಮ್ಮ, ಊರಿಗೆಲ್ಲ ಈ ಶಿಸ್ತು ಕಲಿಸಿದವರು. ಅವರೇ ಎದ್ದರೆ ಏನು ಹೇಳುವುದು?

ಎದ್ದದ್ದು ಒಂದು ಹಾಡಿಗಾಗಿ. ಹೌದು, ಪಾಪ್ ಸಾಂಗ್! ಇದನ್ನು ನಿಮಗೆ ಹೇಳದೆ ಈ ವಾರ ನನಗೆ ನಿದ್ದೆ ಬರಲಿಕ್ಕಿಲ್ಲ.

ಬಂಟ್ವಾಳದಲ್ಲಿ ನನ್ನ ದೋಸ್ತ್ ನವಾಜ್‌ನ ಹಾಸಿಗೆ ಅಂಗಡಿ ಇದೆ. ಗಲ್ಫ್‌ನಿಂದ ಬರುವಾಗ ಉಳಿದವರು ಅತ್ತರು, ಚಾಕಲೇಟ್ ತಂದರೆ ಇವನು ಕೀಬೋರ್ಡ್ ಮತ್ತು ಮೈಕ್ ತಂದ ಆಸಾಮಿ. ಒಮ್ಮೆ ನನ್ನ ಜೊತೆ ವೇಣೂರಿಗೆ ಬಂದು ಅತ್ತೆಯ ಕೈಯಲ್ಲಿ ಊಟ ಮಾಡಿದ. ಹಿಂದಿರುಗುವಾಗ ದಾರಿಯಿಡೀ ಹೊಟ್ಟೆಯ ಮೇಲೆ ಬೆರಳು ಬಡಿಯುತ್ತಿದ್ದ. ಹೊಟ್ಟೆ ಭಾರವಾಗಿದೆ ಎಂದುಕೊಂಡೆ.

"ನಿನ್ನ ಅತ್ತೆ ಬಡಿಸುವುದರಲ್ಲಿ ತಾಳ ಉಂಟು ಮಾರಾಯ," ಅಂದ ಕೊನೆಗೆ. "ಅವರದ್ದು ಒಂತೆ ಒಂತೆ. ನಮ್ಮದು ಯಾವು ಯಾವು. ಅಷ್ಟೇ ಸಾಕು, ಒಂದು ಹಾಡು ಮಾಡುವ."

(ಘಟ್ಟದ ಮೇಲಿನವರಿಗೆ: ತುಳುವಿನಲ್ಲಿ ಒಂತೆ ಅಂದರೆ ಸ್ವಲ್ಪ, ಯಾವು ಅಂದರೆ ಸಾಕು.)

ಯೋಚಿಸಿ ನೋಡಿ. ನಮ್ಮಲ್ಲಿ ಮೊದಲ "ಸಾಕು"ವಿಗೇ ಸೌಟು ಹಿಂದೆ ತೆಗೆದವರನ್ನು ಜನ ಜುಗ್ಗರು ಅನ್ನುತ್ತಾರೆ. ಕೇಳಿದ ಕೂಡಲೇ "ಹಾಕಿ" ಅಂದವರನ್ನು ಹೊಟ್ಟೆಬಾಕರು ಅನ್ನುತ್ತಾರೆ. ಹಾಗಾಗಿ ಬಡಿಸುವವರು "ಸ್ವಲ್ಪ" ಅಂತ ಸುಳ್ಳು ಹೇಳಬೇಕು, ಉಣ್ಣುವವರು "ಸಾಕು" ಅಂತ ಸುಳ್ಳು ಹೇಳಬೇಕು. "ನಮ್ಮ ಉಮ್ಮನೂ ಹೀಗೇ. ಭಾಷೆ ಮಾತ್ರ ಬೇರೆ," ಅಂದ ನವಾಜ್.

ಅತ್ತೆ ಒಪ್ಪಬೇಕಲ್ಲ?

"ಗದ್ದೆಯ ಆಚೆ ಇರುವ ದನವನ್ನು ಕರೆಯುವ ಸ್ವರ ನನ್ನದು. ಇದರಲ್ಲಿ ಎಂತ ಹಾಡು?" ಅಂದರು. ಆದರೆ ಮುಖದಲ್ಲಿ ನಗು ಇತ್ತು. ಆಮೇಲೆ ಷರತ್ತು ಬಂತು. "ಹೆಸರು ಮಾತ್ರ ಹಾಕಬಾರದು. ನಾಳೆ ನಾಲ್ಕು ಜನ ಸೇರುವಲ್ಲಿಗೆ ಹೋಗ್ಲಿಕ್ಕುಂಟು ನನಗೆ. ಈ ಪ್ರಾಯದಲ್ಲಿ ಇವಳಿಗೆ ಎಂತ ಮಂಗಾಟ ಅಂತ ಕೇಳಿದರೆ?"

ಶುಕ್ರವಾರ ಮಧ್ಯಾಹ್ನ, ನವಾಜ್ ನಮಾಜಿಗೆ ಹೋಗಿ ಬಂದ ಮೇಲೆ, ಅಂಗಡಿಯ ಶಟರ್ ಇಳಿಸಿ ರೆಕಾರ್ಡಿಂಗ್. ಸುತ್ತ ಹಾಸಿಗೆಗಳ ಗೋಡೆ. ಹೊರಗಿನ ಲಾರಿ, ಬಸ್ಸುಗಳ ಗದ್ದಲವನ್ನೆಲ್ಲ ಹತ್ತಿ ನುಂಗಿತ್ತು. ಇದಕ್ಕಿಂತ ಒಳ್ಳೆಯ ಸ್ಟುಡಿಯೋ ಬೇಕೇ?

ಆದರೆ ಮೈಕ್ ಮುಂದೆ ಅತ್ತೆಯ ಸ್ವರವೇ ಹೊರಡಲಿಲ್ಲ. "ಯಾರಿಗೆ ಬಡಿಸುವುದು? ಎಲೆ ಎಲ್ಲಿ?" ಅಂತ ಕೇಳಿದರು. ಎಲೆ ತಂದೆವು. ಎಲೆಯ ಮುಂದೆ ನನ್ನನ್ನು ಕೂರಿಸಿದರು. ಅತ್ತೆಯ ಕೈಗೆ ಸೌಟು ಕೊಟ್ಟೆವು. ಊಹೂಂ. "ಖಾಲಿ ಸೌಟು ಹಿಡಿದು ಒಂತೆ ಹೇಳ್ಲಿಕ್ಕೆ ನನಗೆ ನಾಚಿಕೆ ಆಗ್ತದೆ," ಅಂದರು. ನವಾಜ್ ಓಡಿ ಹೋಗಿ ಹೋಟೆಲಿನಿಂದ ಬಕೆಟ್ಟಿನಲ್ಲಿ ಪಾಯಸ ತಂದ.

ಆಗ ಬಂತು ನೋಡಿ ಸ್ವರ! "ಒಂತೇ... ಒಂತೆ ಒಂತೆ..." ಸ್ಟೀಲ್ ಬಕೆಟ್ಟಿಗೆ ಸೌಟು ತಾಗುವ ಸದ್ದೇ ಡ್ರಮ್. ನವಾಜ್ ಕುಣಿಯುತ್ತಾ "ಇನ್ನೊಂದು ಟೇಕ್!" ಅನ್ನುತ್ತಿದ್ದ. ಪ್ರತಿ ಟೇಕ್‌ಗೂ ಎಲೆಗೆ ಪಾಯಸ ಬೀಳುತ್ತಿತ್ತು. ಎಲೆಯಲ್ಲಿ ಬಿಟ್ಟರೆ ಅತ್ತೆ ಮುಂದಿನ ಟೇಕ್ ಕೊಡುತ್ತಿರಲಿಲ್ಲ. ಹಾಗಾಗಿ ಹಾಡಿನ ಕೊನೆಯಲ್ಲಿ ಬರುವ ಆ ದಯನೀಯ "ಯಾವು, ಯಾವು" ನನ್ನದು. ಅದರಲ್ಲಿ ನಟನೆ ಇಲ್ಲವೇ ಇಲ್ಲ.

ಹೆಸರು ಹಾಕದೆ ಹಾಡನ್ನು ಆನ್‌ಲೈನಿಗೆ ಬಿಟ್ಟೆವು. ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬೆಳ್ತಂಗಡಿ ಬಸ್ಸಿನಲ್ಲಿ ಹಾಕಿದರು. ವಾಲಿಬಾಲ್ ಮ್ಯಾಚಿನಲ್ಲಿ ಪಾಯಿಂಟ್ ಬಂದಾಗಲೆಲ್ಲ "ಒಂತೆ" ಅಂತ ಕಿರುಚಿದರು. ಕೇಟರಿಂಗ್ ಹುಡುಗರು ಬಕೆಟ್ ಹಿಡಿದು ರೀಲ್ ಮಾಡಿದರು. ಪರಿಚಯವೇ ಇಲ್ಲದವರ ಸ್ಟೇಟಸ್‌ನಲ್ಲೂ ನಮ್ಮ ಅತ್ತೆ! ನವಾಜ್ ಅಂಗಡಿಯಲ್ಲಿ ಗಿರಾಕಿಗಳನ್ನು ಬಿಟ್ಟು ನನಗೆ ಫೋನ್ ಮಾಡುತ್ತಿದ್ದ.

ಆದರೆ ಸ್ವರ ಯಾರದ್ದು? ವೇಣೂರೊಂದನ್ನು ಬಿಟ್ಟು ಎಲ್ಲ ಊರಿನವರೂ ಹಕ್ಕು ಸಾಧಿಸಿದರು. ಮುಂಡಾಜೆಯವರಿಗೆ ಅದು ತಮ್ಮ ದೊಡ್ಡಮ್ಮನ ಸ್ವರ. ಇನ್ನೊಬ್ಬರಿಗೆ ತೀರಿಹೋದ ಅಜ್ಜಿ ಹಿಂದೆಂದೋ ರೆಕಾರ್ಡ್ ಮಾಡಿಟ್ಟದ್ದು. ಹೊಗಳಿಕೆಯೆಲ್ಲ ಬೇರೆ ಮನೆಗಳಿಗೆ ಹೋಗುತ್ತಿದ್ದರೆ ಅತ್ತೆ ಒಳಗೊಳಗೇ ಕುದಿಯುತ್ತಿದ್ದರು. ತಾನೇ ಹಾಕಿದ ಷರತ್ತು, ಯಾರಿಗೆ ದೂರುವುದು? "ಹೆಸರು ಹಾಕುವುದಾ?" ಅಂತ ನಾನು ಕೇಳಿದರೆ, "ಛೆ, ನನಗೆಂತಕ್ಕೆ ಅದೆಲ್ಲ?" ಅಂದು, ಆ ದಿನವಿಡೀ ಯಾರೊಂದಿಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ನೋಡಿ ಪಾಪ ಅನಿಸುತ್ತಿತ್ತು.

ಹಾಗಿರುವಾಗ ಬಂತು ಈ ಮದುವೆ. ಪಾಯಸದ ಬಕೆಟ್ ಹೊರಬಂದದ್ದೇ ತಡ, ಸ್ಪೀಕರಿನಲ್ಲಿ ಯಾರೋ ಹಾಡು ಹಾಕಿದರು. ಪಂಕ್ತಿಗೆ ಪಂಕ್ತಿಯೇ "ಯಾವು ಯಾವು" ಅಂತ ಕೂಗತೊಡಗಿತು. ಅತ್ತೆಯ ಪಕ್ಕದ ಎಲೆಯಲ್ಲಿ ಕೂತಿದ್ದ ಹೆಂಗಸು ಅವರ ಕಡೆ ಬಾಗಿ ಹೇಳಿದರು, "ಇದು ಚಾರ್ಮಾಡಿಯ ನಮ್ಮ ಅತ್ತಿಗೆಯ ಸ್ವರ. ಬೇರೆ ಯಾರಿಗೂ ಹೀಗೆ ಹೇಳ್ಲಿಕ್ಕೆ ಬರುವುದಿಲ್ಲ."

ಅತ್ತೆ ನನ್ನನ್ನು ನೋಡಿದರು. ನಾನು ಉಪ್ಪಿನಕಾಯಿಯನ್ನು ನೋಡಿದೆ. ಮರುಕ್ಷಣ ಅತ್ತೆ ಎದ್ದರು!

ಸೀದಾ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದರು. ಕೈ ತೊಳೆದರೆ ಊಟ ಮುಗಿಯಿತು ಎಂದೇ ಅರ್ಥ, ಅವರ ಪಾಲಿನ ಪಾಯಸ ಹೋಯಿತು. ಸೆರಗು ಸಿಕ್ಕಿಸಿಕೊಂಡು ಬಂದವರೇ ಬಡಿಸುವವನ ಕೈಯಿಂದ ಬಕೆಟ್ ತೆಗೆದುಕೊಂಡರು. "ಆ ಹಾಡು ನಿಲ್ಲಿಸಿ," ಅಂದರು. ನಿಂತಿತು.

"ಒಂತೇ... ಒಂತೆ ಒಂತೆ..."

ಹಾಲ್ ಇಡೀ ಒಮ್ಮೆಲೇ, "ಯಾವೂ!" ಮದುಮಗಳೂ ಕೂಗಿದಳು, ಅಡುಗೆಯವರೂ ಹೊರಗೆ ಬಂದು ಕೂಗಿದರು. ನನ್ನ ಕಣ್ಣಲ್ಲಿ ನೀರು. ಮಮತಾ ಕುರ್ಚಿಯ ಮೇಲೆ ನಿಂತು ವಿಡಿಯೋ ಮಾಡುತ್ತಿದ್ದಳು. ಅತ್ತೆ ಮೊದಲು ಬಡಿಸಿದ್ದು ಯಾರಿಗೆ ಹೇಳಿ? ಆ ಪಕ್ಕದ ಎಲೆಗೆ.

ಆಕೆ ಪಾಯಸ ಚಪ್ಪರಿಸಿ, ತೀರ್ಪು ಕೊಟ್ಟರು. "ಒಳ್ಳೆ ಹೇಳ್ತೀರಿ ಅಕ್ಕ. ಆದರೆ ನಮ್ಮ ಅತ್ತಿಗೆಯ ಗತ್ತು ಬರ್ಲಿಲ್ಲ."

ಮರುದಿನ ಬೆಳಿಗ್ಗೆಯೇ ಅತ್ತೆಯ ಅಪ್ಪಣೆಯಾಯಿತು: "ಹೆಸರು ಹಾಕಿ. ಊರಿನ ಹೆಸರೂ ಸೇರಿಸಿ. ದೊಡ್ಡ ಅಕ್ಷರದಲ್ಲಿ." ನವಾಜ್ ಸಂಭ್ರಮದಿಂದಲೇ ಹಾಕಿದ. ಸ್ವಲ್ಪ ಹೊತ್ತಿಗೆ ಗಲ್ಫ್‌ನಲ್ಲಿರುವ ಯಾರೋ ಒಬ್ಬ ಕೆಳಗೆ ಬರೆದ: "ಯಾರಿದು ಲೀಲಕ್ಕ? ನನ್ನ ಅಮ್ಮನ ಸ್ವರ ನನಗೆ ಗೊತ್ತಾಗುವುದಿಲ್ವಾ?"

ಇನ್ನು ರಾಮಾಯಣವೇ ಎಂದುಕೊಂಡು, ಹೆದರಿಕೊಂಡೇ ಅತ್ತೆಗೆ ಓದಿ ಹೇಳಿದೆ. ಅವರು ಹೇಳಿದರು:

"ಪಾಪ, ಅವನ ಊಟ ಆಯ್ತಾ ಅಂತ ಕೇಳಿ."