ರೋಪಿನ ಮೇಲಿದ್ದ ಒದ್ದೆ ಗೋಣಿ

ಸತ್ತವರು ಬಂದರು, ಕಂಡರು, ಕರೆದರು ಎಂದು ಯಾರಾದರೂ ಹೇಳತೊಡಗಿದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ, “ಆಗ ಕನ್ನಡಕ ಹಾಕಿದ್ರಾ?” ಎಂದು. ತಮಾಷೆಗೆ ಅಲ್ಲ, ಅದು ನನ್ನ ಕಸುಬು. ಉಡುಪಿಯ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು ನಾನು. ಮನುಷ್ಯರ ಕಣ್ಣು ಎಷ್ಟು ಸುಳ್ಳು ಹೇಳುತ್ತದೆಂದು ದಿನಾ ನೋಡುತ್ತೇನೆ. ಹಾಗಾಗಿ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಕೊನೆಗೆ ಯಾರೂ ಯಾರನ್ನೂ ಕ್ಷಮಿಸುವುದಿಲ್ಲ. ಅಂಥದ್ದು ಬೇಕಾದವರು ಬೇರೆ ಏನಾದರೂ ಓದಿಕೊಳ್ಳಬಹುದು.

ನಮ್ಮದು ಕಾಪು. ಅಪ್ಪ ಮೀನುಗಾರಿಕೆಯವರು, ಈಗಿಲ್ಲ. ಮಳೆಗಾಲಕ್ಕೆ ಮುಂಚೆ ದೋಣಿಗಳನ್ನು ವಿಂಚು, ಅಂದರೆ ರೋಪ್ ಸುತ್ತಿ ಎಳೆಯುವ ಯಂತ್ರ, ಹಾಕಿ ದಡಕ್ಕೆ ಎಳೆಯುವಾಗ ರೋಪ್ ಬಿಗಿಯಾಗುತ್ತದಲ್ಲ, ಆಗ ಅಪ್ಪ ಒಂದು ಗೋಣಿಚೀಲವನ್ನು ಸಮುದ್ರದ ನೀರಿನಲ್ಲಿ ಅದ್ದಿ ಅದರ ಮೇಲೆ ಹೊದಿಸುತ್ತಿದ್ದರು. ಬಿಗಿದ ರೋಪ್ ತುಂಡಾದರೆ ಚಾಟಿಯ ಹಾಗೆ ಬೀಸಿಕೊಂಡು ಬರುತ್ತದೆ, ಎದುರು ಸಿಕ್ಕವರ ಪ್ರಾಣ ತೆಗೆಯುತ್ತದೆ. ಒದ್ದೆ ಗೋಣಿಯ ಭಾರ ಮೇಲಿದ್ದರೆ ಅಲ್ಲೇ ನೆಲಕ್ಕೆ ಬೀಳುತ್ತದೆ. ಇದರ ಜೊತೆಗೆ ಇನ್ನೊಂದು ನಿಯಮವಿತ್ತು: ಎಳೆಯುವಾಗ ರೋಪಿನ ನೇರಕ್ಕೆ ಯಾರೂ ನಿಲ್ಲಬಾರದು. ನಾನಾಗಲಿ ತಮ್ಮನಾಗಲಿ ಮರೆತು ನಿಂತರೆ ಅಪ್ಪ ಕಿವಿ ಹಿಂಡಿ ಬದಿಗೆ ಎಳೆಯುತ್ತಿದ್ದರು. ತಮ್ಮನ ಕಿವಿಗಿಂತ ನನ್ನ ಕಿವಿಯೇ ಹೆಚ್ಚು ಕೆಂಪಾಗಿರುತ್ತಿತ್ತು.

ತಮ್ಮ ಸಂದೇಶ. ಮನೆಯಲ್ಲಿ ಅವನು ಸಂದು. ದೊಡ್ಡವನಾದ ಮೇಲೆ ಅವನು ಸಮುದ್ರಕ್ಕೆ ಇಳಿಯಲಿಲ್ಲ, ಕೆಸರಿಗೆ ಇಳಿದ. ಕಾರ್ಕಳದಲ್ಲಿ ಮೆಲ್ವಿನ್ ಎಂಬ ಸ್ನೇಹಿತನ ಜೊತೆ ಸೇರಿ ಟಯರಿನ ಅಂಗಡಿ ಹಾಕಿದ, ಹಳೆಯ ಜೀಪೊಂದನ್ನು ತೆಗೆದುಕೊಂಡ. ಮಳೆ ಮುಗಿಯುವ ಹೊತ್ತಿಗೆ ನಮ್ಮ ಕಡೆ ಜೀಪಿನ ಆಫ್‌ರೋಡ್ ರೇಸುಗಳು ನಡೆಯುತ್ತವೆ. ಎಲ್ಲಿ ಕೆಸರು ಉಂಟೋ ಅಲ್ಲಿ ಇವರಿಬ್ಬರು. ಎಲ್ಲರ ಜೀಪಿನ ಹಿಂದೆ ದೊಡ್ಡ ಸ್ಪೀಕರ್ ಇದ್ದರೆ ಇವನ ಜೀಪಿನ ಹಿಂದೆ ಅಪ್ಪನ ಗೋಣಿ. ಅದನ್ನು ಎಷ್ಟು ತೊಳೆದರೂ ಉಪ್ಪಿನ ವಾಸನೆ ಹೋಗುತ್ತಿರಲಿಲ್ಲ. “ಬಂಗುಡೆ ಮೀನು ಮಾರ್ಲಿಕ್ಕೆ ಹೊರಟಿದ್ದಾ ಮಾರಾಯ?” ಎಂದು ಮೆಲ್ವಿನ್ ಚೇಷ್ಟೆ ಮಾಡುತ್ತಿದ್ದ.

ಅಜೆಕಾರಿನ ಹತ್ತಿರ, ಕೆಂಪುಕಲ್ಲು ತೆಗೆದು ಬಿಟ್ಟ ಒಂದು ಹಳೆಯ ಕೋರೆಯಲ್ಲಿ ಆ ವರ್ಷದ ರೇಸು. ಅದನ್ನು ನಡೆಸಿದವನನ್ನು ಯತೀಶ ಎಂದು ಕರೆಯುತ್ತೇನೆ. ಊರಿಗೆಲ್ಲ ಅವನು ಯತೀಶಣ್ಣ. ಬಿಳಿ ಶರ್ಟು, ಕೈಯಲ್ಲಿ ಸದಾ ಮೈಕು. ಸಂದು ಆ ಸಲ ಸ್ಪರ್ಧೆಗೆ ಇಳಿದಿರಲಿಲ್ಲ, ಬರೇ ನೋಡಲು ಹೋಗಿದ್ದ. ಒಂದು ಜೀಪು ಹೊಂಡದಲ್ಲಿ ಹೂತುಹೋಯಿತು. ಹೊಂಡದ ಅಂಚಿನ ಹಲಸಿನ ಮರಕ್ಕೆ ರೋಪ್ ಕಟ್ಟಿ ಜೀಪಿನದೇ ವಿಂಚಿನಿಂದ ಎಳೆಯತೊಡಗಿದರು. ಜನ ಮರದ ಬುಡದವರೆಗೂ ಮುತ್ತಿಕೊಂಡಿದ್ದರು. ಅವರನ್ನು ತಡೆಯಲು ಇದ್ದದ್ದು ಒಂದು ಪ್ಲಾಸ್ಟಿಕ್ ಪಟ್ಟಿ, ಮದುವೆ ಮನೆಯ ರಿಬ್ಬನಿನಂಥದ್ದು. ಸಂದು ಪಟ್ಟಿಯ ಕೆಳಗೆ ನುಸುಳಿ ಹೋಗಿ ರೋಪಿನ ಮೇಲೆ ಗೋಣಿ ಹೊದಿಸಿದ. ರೋಪ್ ಸುತ್ತಿಕೊಂಡಂತೆಲ್ಲ ಗೋಣಿಯನ್ನು ಸರಿಸಿ ಸರಿಸಿ ಹಾಕಬೇಕು, ಪ್ರತಿ ಸಲ ವಿಂಚು ನಿಲ್ಲಿಸಬೇಕು. ಯತೀಶನಿಗೆ ಅಷ್ಟು ತಾಳ್ಮೆ ಎಲ್ಲಿಂದ? “ಇದನ್ನೆಲ್ಲ ಹಾಕ್ತಾ ಕೂತ್ರೆ ಇವತ್ತು ಮುಗಿಲಿಕ್ಕಿಲ್ಲ” ಎಂದು ಗೋಣಿಯನ್ನು ಎಳೆದು ಬಿಸಾಡಿದ. ಸಂದು ವಾಪಸು ಪಟ್ಟಿಯ ಕಡೆಗೆ ಬರುತ್ತಿರುವಾಗ ರೋಪ್ ತುಂಡಾಯಿತು. ಪೆಟ್ಟು ಬಿದ್ದದ್ದು ಕುತ್ತಿಗೆಗೆ.

ಆಂಬುಲೆನ್ಸ್ ಇರಲಿಲ್ಲವೆಂದಲ್ಲ, ಇತ್ತು. ವೇದಿಕೆಯ ಹಿಂದೆ. ಅದರ ಎದುರು ಅತಿಥಿಗಳ ಕಾರುಗಳು, ಕಾರಿನವರು ಊಟಕ್ಕೆ ಹೋಗಿದ್ದರು. ಕಡೆಗೆ ಒಂದು ಪಿಕಪ್‌ನಲ್ಲಿ ಮಲಗಿಸಿ, ಮೆಲ್ವಿನ್ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟ. ಕೋರೆಯಿಂದ ಹೊರಗೆ ಬರುವ ಸಣ್ಣ ದಾರಿಯ ಎರಡೂ ಬದಿಗೆ ನೋಡಲು ಬಂದವರ ಬೈಕುಗಳು. ಒಂದೊಂದಾಗಿ ಎತ್ತಿ ಇಟ್ಟು ದಾರಿ ಮಾಡಬೇಕಾಯಿತಂತೆ. ಹಿಂದಿನಿಂದ ಮೈಕಿನಲ್ಲಿ ಯತೀಶ ಹೇಳುತ್ತಿದ್ದನಂತೆ, “ಸಣ್ಣ ಪೆಟ್ಟು, ಯಾರೂ ಗಾಬರಿ ಆಗ್ಬೇಡಿ, ಮುಂದಿನ ಗಾಡಿ ರೆಡಿ ಆಗ್ಬೇಕು” ಎಂದು. ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ದಾರಿಯಲ್ಲಿ ಹಿರಿಯಡ್ಕ ದಾಟುವ ಮೊದಲೇ ನನ್ನ ತಮ್ಮ ಹೋದ. ಅಲ್ಲಿ ಕೋರೆಯಲ್ಲಿ ಬಹುಮಾನ ವಿತರಣೆಯೂ ಸಾಂಗವಾಗಿ ನಡೆಯಿತು.

ಮರುದಿನ ಯತೀಶ ಪೊಲೀಸರಿಗೆ ಹೇಳಿದ್ದು ಇಷ್ಟು: ಹುಡುಗನೇ ಪಟ್ಟಿ ದಾಟಿ ಒಳಗೆ ನುಗ್ಗಿದ್ದು, ಗೋಣಿ ಎಂತದ್ದು, ನಾನು ಕಂಡೇ ಇಲ್ಲ. ಗೋಣಿಯನ್ನು ಕಣ್ಣಾರೆ ಕಂಡಿದ್ದ ಮೆಲ್ವಿನ್, ನಮ್ಮ ಮನೆಯ ಜಗಲಿಯಲ್ಲಿ ಕೂತು ಅತ್ತು ಅತ್ತು ಎಲ್ಲವನ್ನೂ ಹೇಳಿದ್ದ ಮೆಲ್ವಿನ್, ಠಾಣೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡ. ಅವನ ಟಯರಿನ ಅಂಗಡಿಯ ಕಟ್ಟಡ ಯತೀಶನ ಭಾವನದ್ದು.

“ನನಗೆ ಸರಿಯಾಗಿ ಕಾಣ್ಲಿಲ್ಲ ಅಕ್ಕ” ಎಂದ.

“ನಿನ್ನ ಕಣ್ಣು ಪರೀಕ್ಷೆ ಮಾಡಿದ್ದು ನಾನೇ ಅಲ್ವಾ? ಕೊನೆಯ ಸಾಲಿನ ಅಕ್ಷರ ಕೂಡ ಓದಿದ್ದಿ. ನನ್ನ ಹತ್ತಿರ ಹೇಳ್ಬೇಡ” ಎಂದೆ. ತಲೆ ತಗ್ಗಿಸಿ ಹೋದ.

ಅಮ್ಮ ಮನೆಯ ದೈವದ ಮುಂದೆ ತೆಂಗಿನಕಾಯಿ ಇಟ್ಟು ದೂರು ಹೇಳಿ ಬಂದಳು. “ನಾನು ಒಪ್ಪಿಸಿ ಆಯ್ತು. ಇನ್ನು ಅದು ನೋಡ್ಕೊಳ್ತದೆ” ಎಂದಳು. ನೋಡಿಕೊಳ್ಳುವುದಿದ್ದರೆ ಮೊದಲೇ ನೋಡಬಹುದಿತ್ತಲ್ಲ, ಅದರ ಕಣ್ಣನ್ನೂ ಒಮ್ಮೆ ಪರೀಕ್ಷಿಸಬೇಕು ಎಂದು ನಾನು ರೇಗಿದೆ. ನನಗೆ ಬೇಕಾಗಿದ್ದದ್ದು ದೈವದ ತೀರ್ಪಲ್ಲ. ಯಾವ ಮೈಕಿನಲ್ಲಿ “ಸಣ್ಣ ಪೆಟ್ಟು” ಎಂದನೋ ಅದೇ ಮೈಕಿನಲ್ಲಿ ಅವನು, ಗೋಣಿ ಇತ್ತು, ನಾನೇ ತೆಗೆದೆ ಎಂದು ಹೇಳಬೇಕಿತ್ತು. ಆಮೇಲೆ ಅವನಿಗೂ ಅದೇ ರೋಪ್ ಬೀಳಬೇಕಿತ್ತು. ಹೌದು, ಎರಡೂ ಬೇಕಿತ್ತು. ರಾತ್ರಿ ಮಲಗುವಾಗ ಬೇರೆಯವರು ದೇವರ ನಾಮ ಹೇಳುವ ಹಾಗೆ ನಾನು ಇದನ್ನು ಹೇಳಿಕೊಳ್ಳುತ್ತಿದ್ದೆ.

ವರ್ಷ ತಿರುಗಿತು. ಒಂದು ದಿನ ಯತೀಶನ ಜನ ಆಮಂತ್ರಣ ಹಿಡಿದು ಮನೆಗೆ ಬಂದರು. ಅದೇ ಕೋರೆಯಲ್ಲಿ ರೇಸು. ಗೆದ್ದವರಿಗೆ ಸಂದೇಶ ಸ್ಮಾರಕ ಟ್ರೋಫಿ! ಅದನ್ನು ಮನೆಯವರೇ ಕೊಡಬೇಕಂತೆ. ಕೊಂದವನೇ ತಿಥಿಗೆ ಕರೆಯುವುದೆಂದರೆ ಇದೇ ಇರಬೇಕು. ಅಮ್ಮ ಕಾಗದವನ್ನು ಮುಟ್ಟಲಿಲ್ಲ. “ನೀನು ಹೋಗ್ಬೇಡ ಮಗಾ. ಆ ಜಾಗಕ್ಕೆ ಹೋಗ್ಬೇಡ” ಎಂದಳು. ನಾನು ಹೋದೆ. ಟ್ರೋಫಿ ಕೊಡುವಾಗ ಮೈಕು ನನ್ನ ಕೈಗೆ ಬಂದೇ ಬರುತ್ತದೆ, ಅಷ್ಟು ಸಾಕಿತ್ತು ನನಗೆ. ಮೆಲ್ವಿನ್ ತಾನೂ ಬರುತ್ತೇನೆ ಎಂದ. ಬಾ, ನೋಡು, ಕಣ್ಣು ಸರಿ ಉಂಟಲ್ಲ ಎಂದೆ.

ಮಧ್ಯಾಹ್ನ ಕಳೆದಿತ್ತು. ಹಗಲು ಬೆಳಕು ಚೆನ್ನಾಗಿತ್ತು, ಮಳೆ ಇರಲಿಲ್ಲ, ಇದನ್ನು ನೆನಪಿಡಿ. ಎಲ್ಲೆಲ್ಲೂ “ಸುರಕ್ಷತೆಯೇ ಮೊದಲು” ಎಂಬ ಬ್ಯಾನರು. ಈ ಸಲ ಆಂಬುಲೆನ್ಸನ್ನು ಎಲ್ಲರಿಗೂ ಕಾಣುವ ಹಾಗೆ ಮುಂದೆಯೇ ನಿಲ್ಲಿಸಿ ಅದಕ್ಕೊಂದು ಹೂವಿನ ಮಾಲೆ ಹಾಕಿದ್ದರು. ಅದರ ಎದುರಿಗೆ ಅತಿಥಿಗಳ ಕಾರುಗಳು. ಅದೇ ಪ್ಲಾಸ್ಟಿಕ್ ಪಟ್ಟಿ, ಪಟ್ಟಿಗೆ ಆತು ನಿಂತ ಅದೇ ಜನ. ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ತಮ್ಮ ಸತ್ತು ಈ ಮಾಲೆಯೊಂದು ಬಂತಲ್ಲ!

ಮೂರನೆಯದೋ ನಾಲ್ಕನೆಯದೋ ಜೀಪು ಹೊಂಡದಲ್ಲಿ ಹೂತಿತು. ರೋಪನ್ನು ಅದೇ ಹಲಸಿನ ಮರಕ್ಕೆ ಕಟ್ಟಿದರು. ಯತೀಶ ಮರದ ಮುಂದೆ ನಿಂತು ಮೈಕಿನಲ್ಲಿ ಹುರಿದುಂಬಿಸುತ್ತಿದ್ದ. ಅತಿಥಿಯೆಂದು ನನ್ನನ್ನು ಯಾರೂ ತಡೆಯಲಿಲ್ಲ. ನಾನು ಪಟ್ಟಿ ದಾಟಿ ಹೋಗಿ ಅವನ ಹಿಂದೆಯೇ ನಿಂತೆ. ರೋಪ್ ಬಿಗಿಯಾಯಿತು. ಅದರ ಮೇಲೆ ಏನೂ ಇರಲಿಲ್ಲ. ಗೋಣಿ ಇಲ್ಲ, ಒಂದು ಹಳೆಯ ಅಂಗಿ ಕೂಡ ಇಲ್ಲ. ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಇದನ್ನು ತಪ್ಪೊಪ್ಪಿಗೆ ಎಂದುಕೊಳ್ಳಬೇಡಿ, ನನಗೆ ಪಶ್ಚಾತ್ತಾಪವೇ ಇಲ್ಲ. ಮನಸ್ಸಿನಲ್ಲಿ ಹೇಳಿಕೊಂಡದ್ದು ಒಂದೇ: ಮಾಡಿದ್ದುಣ್ಣೋ ಮಹರಾಯ.

ಆಗ ಉಪ್ಪಿನ ವಾಸನೆ ಬಂತು. ಕಾಪುವಿನ ದಡದಲ್ಲಿ ಬರುವಂಥದ್ದು. ರೋಪಿನ ಕಡೆ ನೋಡಿದೆ. ನಟ್ಟನಡುವೆ ಒಂದು ಗೋಣಿ ಇಳಿಬಿದ್ದಿತ್ತು. ಕಪ್ಪಗೆ ಒದ್ದೆಯಾಗಿತ್ತು, ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರೂ ಹತ್ತಿರ ಹೋದದ್ದನ್ನು ನಾನು ಕಂಡಿರಲಿಲ್ಲ. ಯಾರು ಹಾಕಿದರು ಎಂದು ಯೋಚಿಸುವಷ್ಟರಲ್ಲಿ ರೋಪ್ ತುಂಡಾಯಿತು.

ಆ ಸದ್ದು ಕೇಳಿದವರಿಗೇ ಗೊತ್ತು. ಆದರೆ ರೋಪ್ ಬೀಸಿ ಬರಲಿಲ್ಲ. ಸತ್ತ ಹಾವಿನ ಹಾಗೆ ದೊಪ್ಪನೆ ಕೆಸರಿಗೆ ಬಿತ್ತು. ಅದರ ತುದಿ ಯತೀಶನ ಕಾಲ ಬುಡದಲ್ಲಿ ಬಂದು ನಿಂತಿತು, ಬೂಟಿಗೂ ತಾಗಲಿಲ್ಲ. ನನ್ನ ಮುಖಕ್ಕೆ ನೀರು ಸಿಡಿಯಿತು. ಧ್ವನಿವರ್ಧಕದಲ್ಲಿ ಯತೀಶನ ದನಿ ಕೇಳಿಸಿತು.

“ಗೋಣಿ… ಆ ಗೋಣಿ ಹಾಕಿದ್ದು ಯಾರು?”

ಕೆಸರಿನಲ್ಲಿ ರೋಪ್ ಬಿದ್ದಿತ್ತು. ಗೋಣಿ ಇರಲಿಲ್ಲ. “ಯಾವ ಗೋಣಿ ಅಣ್ಣ?” ಎಂದು ವಿಂಚಿನ ಹುಡುಗರು ಮುಖ ಮುಖ ನೋಡಿಕೊಂಡರು. ನಾನು ಅವನ ಕೈಯಿಂದ ಮೈಕು ಕಿತ್ತುಕೊಂಡೆ.

“ಯಾವ ಗೋಣಿ ಯತೀಶಣ್ಣ?” ಎಂದು ಕೇಳಿದೆ. ನನ್ನ ದನಿ ಕೋರೆಯ ಗೋಡೆಗಳಿಗೆ ಬಡಿದು ಬಂತು. “ಪೊಲೀಸರ ಹತ್ತಿರ ಗೋಣಿಯನ್ನೇ ಕಂಡಿಲ್ಲ ಅಂದಿದ್ರಲ್ಲ? ನನ್ನ ತಮ್ಮ ಹಾಕಿದ್ದನ್ನು ಬಿಸಾಡಿದ್ದು ಯಾರು, ಅದನ್ನು ಮೊದಲು ಹೇಳಿ.”

“ಅದೇ ಗೋಣಿ…” ಎಂದ ಅವನು. ಮೈಕು ಇನ್ನೂ ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು. “ನಾನು ಬಿಸಾಡಿದ್ದು… ಅದೇ.” ಬಿಳಿ ಶರ್ಟಿನಲ್ಲೇ ಕೆಸರಿನಲ್ಲಿ ಕುಳಿತುಬಿಟ್ಟ. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಹೇಳುವುದಿಲ್ಲ, ಒಂದು ವರ್ಷದಲ್ಲಿ ಮೊದಲ ಸಲ ತಣ್ಣಗಾಯಿತು.

ಮರುದಿನ ಮೆಲ್ವಿನ್ ತಾನಾಗಿಯೇ ಠಾಣೆಗೆ ಹೋಗಿ ಕಂಡದ್ದನ್ನು ಹೇಳಿ ಬಂದ. ಅಂಗಡಿ ಹೋಯಿತು, ಈಗ ಹೆಬ್ರಿಯಲ್ಲಿ ಬೇರೆ ಅಂಗಡಿ ಹಾಕಿದ್ದಾನೆ. ಕೇಸು ನಡೆಯುತ್ತಾ ಉಂಟು. ಯತೀಶ ಈಗ ಮೈಕು ಹಿಡಿಯುವುದಿಲ್ಲ, ಆ ಕೋರೆಯಲ್ಲಿ ರೇಸೂ ಇಲ್ಲ.

ಮೆಲ್ವಿನ್‌ಗೂ ಆ ದಿನ ಗೋಣಿ ಕಂಡಿರಲಿಲ್ಲ. ಅವನದ್ದೊಂದು ವಿವರಣೆ ಉಂಟು. ರೋಪ್ ಎಳೆ ಎಳೆಯಾಗಿ ಬಿಚ್ಚಿಕೊಂಡು ತುಂಡಾದರೆ ಕೆಲವೊಮ್ಮೆ ಹಾಗೆ ಬೀಳುವುದುಂಟಂತೆ. ಯತೀಶ ಕಂಡದ್ದು ತನ್ನ ಪಾಪವನ್ನೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಸರಿ, ಅವನ ವಿಷಯ ಹಾಗಿರಲಿ. ನಾನು? “ನೀವು ಅದನ್ನೇ ಯೋಚನೆ ಮಾಡ್ತಾ ಇದ್ರಿ ಅಲ್ವಾ ಅಕ್ಕ?” ಎನ್ನುತ್ತಾನೆ. ಇಲ್ಲ ಮಾರಾಯ, ನಾನು ಗೋಣಿಯನ್ನು ಯೋಚಿಸುತ್ತಿರಲಿಲ್ಲ. ಗೋಣಿ ಇಲ್ಲದಿರುವುದನ್ನು ಯೋಚಿಸುತ್ತಿದ್ದೆ, ಅದರಲ್ಲೇ ಸಂತೋಷಪಡುತ್ತಿದ್ದೆ. ಮುಖಕ್ಕೆ ಸಿಡಿದ ನೀರು ತುಟಿಗೂ ತಾಗಿತ್ತು. ಉಪ್ಪಾಗಿತ್ತು. ಘಟ್ಟದ ಬುಡದ ಕೋರೆಯ ನೀರಿನಲ್ಲಿ ಉಪ್ಪೆಲ್ಲಿಯದು? ಕೇಳಿದವರು, ನೀವು ಅಳ್ತಾ ಇದ್ದಿರಬೇಕು ಎನ್ನುತ್ತಾರೆ. ನಾನು ಅಳುತ್ತಿರಲಿಲ್ಲ. ಅಳುವಷ್ಟು ಒಳ್ಳೆಯ ಮನಸ್ಸು ಆ ಹೊತ್ತಿಗೆ ನನ್ನಲ್ಲಿರಲಿಲ್ಲ.

ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ದೈವ ನೋಡಿಕೊಂಡಿತು ಎನ್ನುತ್ತಾಳೆಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆಯೇ. “ನೀನು ಎಲ್ಲಿ ನಿಂತಿದ್ದಿ?”

“ಅವನ ಹಿಂದೆ.”

“ರೋಪಿನ ನೇರಕ್ಕಾ?”

ಅಮ್ಮ ಕೈ ಚಾಚಿ ನನ್ನ ಕಿವಿ ಹಿಂಡಿದಳು, ಅಪ್ಪ ಹಿಂಡುತ್ತಿದ್ದ ಹಾಗೆಯೇ. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಲ್ಲಿಯವರೆಗೆ ಅದು ನನಗೆ ಹೊಳೆದೇ ಇರಲಿಲ್ಲ. ಯತೀಶ ಸಾಯುವುದನ್ನು ಹತ್ತಿರದಿಂದ ನೋಡುವ ಆಸೆಯಲ್ಲಿ, ಹುಟ್ಟಿದಂದಿನಿಂದ ಗೊತ್ತಿದ್ದ ನಿಯಮವನ್ನೇ ಮರೆತಿದ್ದೆ. ಆ ರೋಪ್ ಬೀಸಿ ಬಂದಿದ್ದರೆ ಅವನಿಗೆ ಹೊಡೆದು ಅಲ್ಲಿಗೆ ನಿಲ್ಲುತ್ತಿರಲಿಲ್ಲ.

ವರ್ಷಗಳಾದವು. ಗೋಣಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ನನಗಿನ್ನೂ ತಿಳಿಯದು. ತಿಳಿಯಬೇಕೆಂಬ ಹಟವೂ ಇಲ್ಲ. ಒಂದು ಸಂಗತಿ ಮಾತ್ರ ಬಿಡುವುದಿಲ್ಲ. ಸಂದು, ಅದನ್ನು ನನಗಾಗಿ ಹಾಕಿದ್ದಾದರೆ ಸರಿ. ಅವನಿಗಾಗಿ ಹಾಕಿದ್ದಾದರೆ, ನಿನ್ನ ಮೇಲೂ ನನಗೆ ಕೋಪ ಉಂಟು.