ಒಂದೇ ಡಬ್ಬದ ಬಣ್ಣ

ಮುಂಬೈಯ ಮಲಾಡಿನಲ್ಲಿ ಹಳೆಯ ಬಿಲ್ಡಿಂಗೊಂದರಲ್ಲಿ ಎದುರುಬದುರು ಎರಡು ಬಾಗಿಲಿಗೆ ಬಣ್ಣ ಹಚ್ಚಬೇಕಿತ್ತು. ಒಂದು ಯಹೂದಿ ಸಾಲೊಮನ್ ಅಂಕಲ್ ಮನೆ, ಇನ್ನೊಂದು ಕ್ರಿಶ್ಚಿಯನ್ ಫಿಲೊಮಿನಾ ಆಂಟಿಯದು. ಅವರ ಪಾಸೋವರ್ ಹಬ್ಬ, ಇವರ ಈಸ್ಟರ್ ಒಂದೇ ವಾರ ಬಂದಿದ್ದವು. ಮರುದಿನದಿಂದ ಇಬ್ಬರ ಮನೆಗೂ ನೆಂಟರು ಬರುವವರಿದ್ದರು. ನಾನೋ ಒಬ್ಬನೇ ಪೇಂಟರ್.

"ಮೊದಲು ನನ್ನ ಬಾಗಿಲು," ಅಂದರು ಅಂಕಲ್ ಮರಾಠಿಯಲ್ಲಿ. "ನಮ್ಮ ಧರ್ಮ ಹಿರಿದು. ಇವರ ಯೇಸುವೂ ನಮ್ಮ ಹಬ್ಬದ ಊಟಕ್ಕೆ ಕೂತವನೇ."

ಆಂಟಿ ರಿಟೈರ್ಡ್ ಟೀಚರ್, ಸುಮ್ಮನೆ ಬಿಡುವವರಲ್ಲ. "ಜೆರುಸಲೇಮಿನ ದೇವಾಲಯ ಬಿದ್ದ ಮೇಲೆ ನಿಮ್ಮ ಗುರುಗಳು, ಆ ರಬ್ಬಿಗಳೂ ಧರ್ಮವನ್ನು ಹೊಸದಾಗಿ ಕಟ್ಟಿಕೊಂಡರು, ನಮ್ಮವರೂ ಕಟ್ಟಿಕೊಂಡರು. ಒಂದೇ ತಾಯಿಯ ಅವಳಿ ಮಕ್ಕಳು ನಾವು. ಹಿರಿಯರು ಹೇಗಾದಿರಿ?"

"ಅವಳಿಗಳಲ್ಲೂ ಒಬ್ಬ ಮೊದಲು ಹುಟ್ಟುತ್ತಾನೆ," ಅಂದರು ಅಂಕಲ್.

ಇಬ್ಬರೂ ನನ್ನ ಮುಖ ನೋಡಿದರು. ವಿಜಯಪುರದಲ್ಲಿ ನಮ್ಮಪ್ಪನೂ ಕಾಕಾನೂ ಮನೆ ಹಿಸೆ ಮಾಡಿಕೊಂಡಾಗ ನಡುವೆ ಬಾಯಿ ಹಾಕಿ ಬೈಸಿಕೊಂಡವನು ನಾನು. ಈ ಸಲ ಬಾಯಿ ಬಿಡಲಿಲ್ಲ. ನಡುವೆ ಸ್ಟೂಲ್ ಇಟ್ಟು, ಒಂದೇ ಡಬ್ಬ ತೆರೆದು, ಆ ಬಾಗಿಲಿಗೆ ನಾಲ್ಕು ಸಲ, ಈ ಬಾಗಿಲಿಗೆ ನಾಲ್ಕು ಸಲ ಬ್ರಷ್ ಎಳೆಯುತ್ತಾ ಎರಡನ್ನೂ ಕೂಡಿಯೇ ಮುಗಿಸಿದೆ. ಎರಡೂ ಮನೆಯಿಂದ ಚಹಾ ಬಂತು, ಎರಡನ್ನೂ ಕುಡಿದೆ.

ಸಂಜೆ ಅಂಕಲ್ ಹತ್ತಿರ ಬಂದು, "ಅವರದಕ್ಕಿಂತ ನನ್ನ ಬಾಗಿಲೇ ಚೆಂದ ಬಂದಿದೆ, ಅವರಿಗೆ ಹೇಳಬೇಡ," ಅಂತ ಪಿಸುಗುಟ್ಟಿದರು. ಐದು ನಿಮಿಷ ಬಿಟ್ಟು ಆಂಟಿ ಬಂದು ಅದೇ ಮಾತನ್ನು ಅಷ್ಟೇ ಮೆಲ್ಲಗೆ ಹೇಳಿದರು.

ಇಬ್ಬರೂ ಅವಳಿಗಳೇ ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.